ಗೇಮ್ ಚಿತ್ರಗಳ ಕಳವು: ಬೀಗ ಎಲ್ಲಿ ಹಾಕಬೇಕು

ಸಣ್ಣ ತಂಡ ಕಟ್ಟಿಕೊಂಡು ಗೇಮ್ ಮಾಡುವವರು ಬಿಡುಗಡೆ ಹತ್ತಿರವಾದಂತೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ತಿಂಗಳುಗಟ್ಟಲೆ ಕುಳಿತು ಬರೆದ ಪಾತ್ರಗಳು, ಹಿನ್ನೆಲೆಗಳು, ಐಕಾನ್‌ಗಳನ್ನು ಯಾರಾದರೂ ಫೈಲುಗಳ ಸಮೇತ ಎತ್ತಿಕೊಂಡು ಹೋಗದಂತೆ ತಡೆಯುವುದು ಹೇಗೆ? ಫೈಲುಗಳನ್ನು ಅಂತಿಮ ರೂಪಕ್ಕೆ ತಂದು ಪ್ಯಾಕ್ ಮಾಡುವ ಕೆಲಸ ನನ್ನ ಪಾಲಿಗೆ ಬರುವುದರಿಂದ ಈ ಪ್ರಶ್ನೆಯೂ ನನ್ನ ಬಳಿಗೇ ಬರುತ್ತದೆ. ಕೇಳುವವರ ಮನಸ್ಸಿನಲ್ಲಿ ಉತ್ತರವೂ ಸಾಮಾನ್ಯವಾಗಿ ಸಿದ್ಧವಾಗಿರುತ್ತದೆ. ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿಬಿಟ್ಟರೆ, ಎಂದರೆ ಕೀಲಿಯಿಲ್ಲದೆ ಓದಲಾಗದ ಗೂಢಲಿಪಿಗೆ ಬದಲಿಸಿಬಿಟ್ಟರೆ, ಮುಗಿಯಿತಲ್ಲ ಎನ್ನುತ್ತಾರೆ. ಎನ್‌ಕ್ರಿಪ್ಶನ್ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಆಟಗಾರರ ಕೈಗೆ ಹೋಗುವ ಪ್ಯಾಕಿಗೆ ಬೀಗ ಜಡಿಯಲು ಪಡುವ ಶ್ರಮದಲ್ಲಿ ಅರ್ಧದಷ್ಟನ್ನಾದರೂ, ಆ ಪ್ಯಾಕಿನೊಳಗೆ ಏನಿರಬೇಕು, ಮೂಲ ಫೈಲುಗಳು ಯಾರ ಕೈಗೆ ಸಿಗಬೇಕು, ಕಳವಾದ ಮೇಲೆ ಚಿತ್ರ ನಮ್ಮದೆಂದು ಹೇಗೆ ತೋರಿಸಬೇಕು ಎಂಬ ಯೋಚನೆಗೆ ಕೊಟ್ಟರೆ ಹೆಚ್ಚು ಪ್ರಯೋಜನವಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಎನ್‌ಕ್ರಿಪ್ಶನ್‌ನ ಮಿತಿ ಎಲ್ಲಿದೆ ಎಂಬುದನ್ನು ಮೊದಲು ನೋಡೋಣ. ತೆರೆಯ ಮೇಲೆ ಚಿತ್ರ ಮೂಡಬೇಕಾದರೆ ಅದು ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ ಕಾರ್ಡಿಗೆ ಅರ್ಥವಾಗುವ ರೂಪದಲ್ಲಿ ಬಂದು ಕೂರಲೇಬೇಕು. ಡಿಸ್ಕಿನಲ್ಲಿದ್ದಾಗ ಎಷ್ಟೇ ಬಲವಾದ ಗೂಢಲಿಪಿಯಲ್ಲಿದ್ದರೂ ಆ ಹೊತ್ತಿಗೆ ಅದು ಬಿಡಿಸಲ್ಪಟ್ಟಿರುತ್ತದೆ. ರೆಂಡರ್‌ಡಾಕ್‌ನಂತಹ ಉಚಿತ ಸಾಧನ ಇರುವುದೇ ಒಂದು ಫ್ರೇಮ್ ಅನ್ನು ಹಿಡಿದು ನಿಲ್ಲಿಸಿ, ಅದನ್ನು ತೆರೆಯ ಮೇಲೆ ಮೂಡಿಸಲು ಬಳಕೆಯಾದ ಪ್ರತಿಯೊಂದು ಟೆಕ್ಸ್ಚರನ್ನೂ (ಮೇಲ್ಮೈಗೆ ಹಚ್ಚುವ ಚಿತ್ರ) ಮೆಶ್ಶನ್ನೂ (ವಸ್ತುವಿನ ಆಕಾರದ ಜಾಲ) ಪರೀಕ್ಷಿಸಲಿಕ್ಕಾಗಿ. ಗೇಮ್ ತಯಾರಕರು ತಮ್ಮದೇ ದೋಷಗಳನ್ನು ಹುಡುಕಲು ಅದನ್ನು ದಿನವೂ ಬಳಸುತ್ತಾರೆ. ಅಲ್ಲಿ ಕಂಡ ಟೆಕ್ಸ್ಚರನ್ನು ಫೈಲಾಗಿ ಉಳಿಸಿಕೊಳ್ಳುವ ಸೌಕರ್ಯವೂ ಅದರಲ್ಲಿದೆ. ಬ್ರೌಸರಿನಲ್ಲಿ ಓಡುವ ಗೇಮ್ ಆದರೆ ಇಷ್ಟು ಕಷ್ಟವೂ ಬೇಕಿಲ್ಲ, ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಪುಟದಲ್ಲಿ ಇಳಿದುಬಂದ ಫೈಲುಗಳೆಲ್ಲ ಸಾಲಾಗಿ ಕಾಣಿಸುತ್ತವೆ. ಆಟಗಾರನ ಕಣ್ಣಿಗೆ ಬೀಳಲೆಂದೇ ಮಾಡಿದ ಚಿತ್ರವನ್ನು ಅವನ ಯಂತ್ರದಿಂದಲೇ ಬಚ್ಚಿಡುವ ಉಪಾಯ ಯಾರಿಗೂ ಸಿಕ್ಕಿಲ್ಲ.

ಇನ್ನು ಗೇಮ್ ಕಟ್ಟಲು ಬಳಸುವ ತಂತ್ರಾಂಶಗಳಾದ ಎಂಜಿನ್‌ಗಳೊಡನೆ ಬರುವ ಸಿದ್ಧ ಬೀಗಗಳ ವಿಚಾರ. ಆರ್‌ಪಿಜಿ ಮೇಕರ್ ಎಂವಿ ಎಂಬ ಎಂಜಿನ್‌ನಲ್ಲಿ ಚಿತ್ರಗಳನ್ನು ಎನ್‌ಕ್ರಿಪ್ಟ್ ಮಾಡುವ ಆಯ್ಕೆಯಿದೆ. ಅದನ್ನು ಆರಿಸಿಕೊಂಡರೆ ಪ್ರತಿ ಪಿಎನ್‌ಜಿ ಫೈಲಿನ ವಿಸ್ತರಣೆ ಬದಲಾಗುತ್ತದೆ, ಸಾಮಾನ್ಯ ವೀಕ್ಷಕದಲ್ಲಿ ಅದು ತೆರೆಯುವುದಿಲ್ಲ. ನೋಡಿದವರಿಗೆ ಕೆಲಸ ಭದ್ರವಾಯಿತೆನ್ನಿಸುತ್ತದೆ. ಫೈಲನ್ನು ಒಂದೊಂದೇ ಬೈಟಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಬೇರೆಯದೇ ಕಥೆ ತಿಳಿಯುತ್ತದೆ. ಮೊದಲ ಹದಿನಾರು ಬೈಟುಗಳು ಎಂಜಿನ್ ಸೇರಿಸಿದ ಗುರುತು. ಅವುಗಳ ನಂತರದ ಹದಿನಾರು ಬೈಟುಗಳು ಮಾತ್ರ ಒಂದು ಕೀಲಿಯೊಡನೆ ಎಕ್ಸ್‌ಓಆರ್ ಎಂಬ ಸರಳ ಲೆಕ್ಕದಿಂದ ಬೆರೆತಿರುತ್ತವೆ. ಅಲ್ಲಿಂದ ಮುಂದೆ ಫೈಲಿನ ಕೊನೆಯವರೆಗೂ ಚಿತ್ರದ ದತ್ತಾಂಶ ಇದ್ದ ಹಾಗೆಯೇ ಇರುತ್ತದೆ. ಆ ಕೀಲಿಯಾದರೂ ಎಲ್ಲಿದೆ ಎಂದರೆ, ಗೇಮ್‌ನ ಜೊತೆಯಲ್ಲೇ ಹೋಗುವ ಸಿಸ್ಟಮ್ ಜೇಸನ್ ಫೈಲಿನಲ್ಲಿ, ಸರಳ ಪಠ್ಯವಾಗಿ. ಕೀಲಿ ಸಿಗದಿದ್ದರೂ ಕಳ್ಳನಿಗೆ ನಷ್ಟವಿಲ್ಲ, ಏಕೆಂದರೆ ಪಿಎನ್‌ಜಿ ಫೈಲುಗಳ ಮೊದಲ ಹದಿನಾರು ಬೈಟುಗಳು ಎಲ್ಲೆಡೆಯೂ ಒಂದೇ: ಎಂಟು ಬೈಟುಗಳ ಸಹಿ, ಅದರ ಬೆನ್ನಿಗೆ ಮೊದಲ ತುಣುಕಿನ ಉದ್ದ ಮತ್ತು ಹೆಸರು. ಮುಚ್ಚಿಟ್ಟ ಹದಿನಾರು ಬೈಟುಗಳು ಏನೆಂಬುದು ಜಗತ್ತಿಗೇ ಗೊತ್ತಿರುವಾಗ, ಅವನ್ನು ಅಳಿಸಿ ಗೊತ್ತಿರುವ ಬೈಟುಗಳನ್ನು ಬರೆದರೆ ಚಿತ್ರ ಮರಳಿ ಬರುತ್ತದೆ. ಇದನ್ನು ಬೀಗ ಎನ್ನುವುದಕ್ಕಿಂತ ಚಿಲಕ ಎನ್ನುವುದು ಸರಿ. ಫೋಲ್ಡರ್ ತೆರೆದು ಸುಮ್ಮನೆ ಇಣುಕುವವನನ್ನು ಅದು ತಡೆಯುತ್ತದೆ, ಅಷ್ಟೇ.

ಅನ್‌ರಿಯಲ್ ಮತ್ತು ಗೊಡೊ ಎಂಜಿನ್‌ಗಳು ಇದಕ್ಕಿಂತ ಬಹಳ ಗಟ್ಟಿಯಾದ ಎಇಎಸ್-256 ಎಂಬ ಗೂಢಲಿಪಿಯನ್ನು ಬಳಸುತ್ತವೆ. ಆ ಗೂಢಲಿಪಿಯನ್ನು ನೇರವಾಗಿ ಒಡೆಯುವುದು ಯಾರಿಂದಲೂ ಆಗದ ಕೆಲಸ. ಆದರೆ ಒಡೆಯುವ ಅಗತ್ಯವಾದರೂ ಏನಿದೆ? ಗೇಮ್ ತಾನಾಗಿ ಪ್ಯಾಕ್ ಬಿಚ್ಚಿಕೊಳ್ಳಬೇಕಾದ್ದರಿಂದ ಕೀಲಿ ಓಡುವ ಫೈಲಿನೊಳಗೇ, ಎಂದರೆ ಗೇಮನ್ನು ಆರಂಭಿಸುವ ಪ್ರೋಗ್ರಾಂ ಫೈಲಿನೊಳಗೇ, ಇರುತ್ತದೆ. ಗೊಡೊದಲ್ಲಂತೂ ಎಕ್ಸ್‌ಪೋರ್ಟ್ ಟೆಂಪ್ಲೇಟನ್ನು (ಓಡುವ ಫೈಲಿನ ಅಚ್ಚು) ಕೀಲಿಯ ಸಮೇತ ನಾವೇ ಕಂಪೈಲ್ ಮಾಡಿಕೊಳ್ಳಬೇಕು. ಗೂಢಲಿಪಿ ವ್ಯವಸ್ಥೆಯ ರಹಸ್ಯವೆಲ್ಲ ಕೀಲಿಯೊಂದರಲ್ಲೇ ಇರಬೇಕು, ಉಳಿದುದೆಲ್ಲ ಶತ್ರುವಿಗೆ ತಿಳಿದಿದ್ದರೂ ಅದು ನಿಲ್ಲಬೇಕು ಎಂದು ಆಗಸ್ಟ್ ಕೆರ್ಕಾಫ್ಸ್ 1883ರಲ್ಲೇ ಬರೆದಿದ್ದರು. ನಮ್ಮ ಸ್ಥಿತಿ ಅದಕ್ಕೆ ತದ್ವಿರುದ್ಧ: ಬಾಗಿಲಿಗೆ ಒಳ್ಳೆಯ ಬೀಗ ಹಾಕಿ ಕೀಲಿಯನ್ನು ಅದೇ ಬಾಗಿಲ ಮೊಳೆಗೆ ತೂಗುಹಾಕಿದಂತೆ. ಮೆಮೊರಿಯಲ್ಲಿ ಕೀಲಿಯನ್ನು ಹುಡುಕಿ ತೆಗೆಯುವ ಸಾಧನಗಳು ಬಹಳ ಕಾಲದಿಂದಲೂ ಇವೆ.

ಈ ಬೀಗಕ್ಕೊಂದು ಬೆಲೆಯೂ ಇದೆ, ಆ ಮಾತನ್ನು ಹೆಚ್ಚಿನವರು ಎತ್ತುವುದಿಲ್ಲ. ಎನ್‌ಕ್ರಿಪ್ಟ್ ಆದ ದತ್ತಾಂಶವನ್ನು ಕುಗ್ಗಿಸಲು ಆಗುವುದಿಲ್ಲ, ಆದ್ದರಿಂದ ಮೊದಲು ಕುಗ್ಗಿಸಿ ಆಮೇಲೆ ಎನ್‌ಕ್ರಿಪ್ಟ್ ಮಾಡುವ ಕ್ರಮವನ್ನು ತಪ್ಪಬಾರದು. ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ವ್ಯವಸ್ಥೆ ಫೈಲುಗಳನ್ನು ಸುಮಾರು 1 ಮೆಗಾಬೈಟಿನ ತುಂಡುಗಳಾಗಿ ನೋಡಿ, ಬದಲಾದ ತುಂಡುಗಳನ್ನಷ್ಟೇ ಆಟಗಾರರಿಗೆ ಕಳುಹಿಸುತ್ತದೆ. ಪ್ರತಿ ಬಿಲ್ಡಿಗೂ (ಆಟಗಾರರಿಗೆ ಕಳುಹಿಸಲು ಸಿದ್ಧಪಡಿಸಿದ ಆವೃತ್ತಿ) ಹೊಸ ಕೀಲಿಯಿಂದ ಇಡೀ ಪ್ಯಾಕನ್ನು ಮರಳಿ ಎನ್‌ಕ್ರಿಪ್ಟ್ ಮಾಡುವ ತಂಡದಲ್ಲಿ ಒಂದು ಐಕಾನ್ ತಿದ್ದಿದರೂ ಎಲ್ಲ ತುಂಡುಗಳೂ ಬದಲಾದಂತಾಗುತ್ತದೆ, ಆಟಗಾರ ಗಿಗಾಬೈಟುಗಟ್ಟಲೆ ಮತ್ತೆ ಇಳಿಸಿಕೊಳ್ಳಬೇಕಾಗುತ್ತದೆ. ಡೆನುವೊದಂತಹ ನಕಲು ತಡೆ ವ್ಯವಸ್ಥೆಗಳ ಮೇಲೆ ಆಸೆ ಇಟ್ಟುಕೊಂಡವರಿಗೂ ಒಂದು ಮಾತು: ಅವು ಕಾಯುವುದು ಮುಖ್ಯವಾಗಿ ಓಡುವ ಫೈಲನ್ನು, ಚಿತ್ರಗಳನ್ನಲ್ಲ.

ಎನ್‌ಕ್ರಿಪ್ಶನ್ ನಿಜವಾಗಿ ಕೆಲಸಕ್ಕೆ ಬರುವ ಸಂದರ್ಭ ಒಂದಿದೆ. ಕೀಲಿ ಇನ್ನೂ ಆಟಗಾರನ ಯಂತ್ರಕ್ಕೆ ತಲುಪಿರದಿದ್ದರೆ ಬೀಗ ಪೂರ್ಣವಾಗಿ ಬೀಗವೇ. ಬಿಡುಗಡೆಗೆ ಮುನ್ನ ಸ್ಟೀಮ್‌ನಲ್ಲಿ ಮುಂಚಿತವಾಗಿ ಇಳಿಸಿಕೊಳ್ಳುವ ಫೈಲುಗಳು ಎನ್‌ಕ್ರಿಪ್ಟ್ ಆಗಿರುತ್ತವೆ, ಬಿಡುಗಡೆಯ ಗಳಿಗೆಯಲ್ಲಿ ಮಾತ್ರ ತೆರೆದುಕೊಳ್ಳುತ್ತವೆ. ಫೋರ್ಟ್‌ನೈಟ್ ಕೂಡ ಮುಂದೆ ಬರಲಿರುವ ವೇಷಗಳನ್ನು ಪ್ರತ್ಯೇಕ ಕೀಲಿಗಳ ಪ್ಯಾಕುಗಳಲ್ಲಿ ಕಳುಹಿಸಿ, ಅವು ಪ್ರಕಟವಾಗುವ ಹೊತ್ತಿಗೆ ಸರ್ವರಿನಿಂದ ಕೀಲಿಯನ್ನು ಕೊಡುವ ಪದ್ಧತಿಯನ್ನು ಬಳಸಿದೆ. ನಮ್ಮಂತಹ ಸಣ್ಣವರಿಗೆ ಅದಕ್ಕಿಂತಲೂ ಸುಲಭವಾದ ದಾರಿಯಿದೆ: ಮುಂದಿನ ಅಪ್‌ಡೇಟಿನ ಚಿತ್ರಗಳನ್ನು ಮುಂದಿನ ಅಪ್‌ಡೇಟಿನಲ್ಲೇ ಕಳುಹಿಸುವುದು. ಕಳುಹಿಸದೆ ಇರುವ ಫೈಲಿನಷ್ಟು ಸುರಕ್ಷಿತವಾದ ಫೈಲು ಬೇರೆ ಇಲ್ಲ.

ಕದಿಯುವವರು ಯಾರು ಎಂಬುದನ್ನೂ ಬಿಡಿಸಿ ನೋಡಬೇಕು, ಏಕೆಂದರೆ ಎಲ್ಲರನ್ನೂ ಕಳ್ಳರೆಂದು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಬೀಗ ತಪ್ಪು ಬಾಗಿಲಿಗೆ ಬೀಳುತ್ತದೆ. ಪ್ಯಾಕ್ ಬಿಚ್ಚುವವರಲ್ಲಿ ದೊಡ್ಡ ಪಾಲು ಕುತೂಹಲಿಗಳು, ಅಭಿಮಾನಿಗಳು ಮತ್ತು ಮಾಡ್ ಮಾಡುವವರು, ಎಂದರೆ ಗೇಮನ್ನು ತಮ್ಮ ಇಷ್ಟದಂತೆ ಮಾರ್ಪಡಿಸುವವರು. 1993ರಲ್ಲಿ ಬಂದ ಡೂಮ್ ತನ್ನ ಚಿತ್ರ, ಶಬ್ದ, ನಕಾಶೆಗಳನ್ನೆಲ್ಲ ವ್ಯಾಡ್ ಎಂಬ ಫೈಲಿನಲ್ಲಿ ಬೇರೆಯಾಗಿ ಇಟ್ಟಿತ್ತು. ಮೂಲ ಫೈಲನ್ನು ಮುಟ್ಟದೆ ತಮ್ಮದೊಂದು ವ್ಯಾಡ್ ಸೇರಿಸಿ ಆಡಲು ಆಟಗಾರರಿಗೆ ಅವಕಾಶವಿತ್ತು, ಇಂದಿಗೂ ಅದಕ್ಕೆ ಹೊಸ ನಕಾಶೆಗಳು ಬರುತ್ತಲೇ ಇವೆ. ಇಂಥವರನ್ನು ಹೊರಗಿಡಲು ಹೊರಟರೆ ಕಳೆದುಕೊಳ್ಳುವವರು ನಾವೇ. ನಿಜವಾದ ನಷ್ಟ ಮಾಡುವವರು ಎರಡು ಬಗೆ. ಮೊಬೈಲ್ ಗೇಮ್‌ನ ಇಡೀ ಎಪಿಕೆ ಫೈಲನ್ನು (ಆಂಡ್ರಾಯ್ಡ್ ಆ್ಯಪ್‌ನ ಕಟ್ಟು) ಬಿಚ್ಚಿ, ಹೆಸರನ್ನೂ ಜಾಹೀರಾತು ಖಾತೆಯನ್ನೂ ಬದಲಿಸಿ, ಅಂಗಡಿಗೆ ತಮ್ಮದೆಂದು ಏರಿಸುವವರು ಒಂದು ಬಗೆ. ಸ್ಪ್ರೈಟ್‌ಗಳನ್ನೂ (ಪಾತ್ರ, ವಸ್ತುಗಳ ಬಿಡಿ ಚಿತ್ರಗಳು) ಟೈಲ್‌ಸೆಟ್‌ಗಳನ್ನೂ (ಜೋಡಿಸಿ ನೆಲ, ಗೋಡೆ ಕಟ್ಟುವ ತುಂಡುಗಳು) ಆಯ್ದು ತೆಗೆದು, ಅವನ್ನೇ ಅಸೆಟ್ ಪ್ಯಾಕ್ ಎಂದು ಬೇರೆ ತಯಾರಕರಿಗೆ ಮಾರುವವರು ಇನ್ನೊಂದು ಬಗೆ. ಎರಡನೆಯ ಬಗೆಯದು ಹೆಚ್ಚು ಅಪಾಯಕಾರಿ ಎಂದು ನನಗನ್ನಿಸುತ್ತದೆ, ಏಕೆಂದರೆ ಅಲ್ಲಿ ಹಣ ಕೊಟ್ಟು ಕೊಂಡವನು ನಿರಪರಾಧಿ, ನಮ್ಮ ಚಿತ್ರ ಅವನ ಗೇಮ್‌ನಲ್ಲಿ ಕಾಣಿಸಿದಾಗ ಜಗಳ ಆಗುವುದು ಇಬ್ಬರು ಪ್ರಾಮಾಣಿಕರ ನಡುವೆ.

ಈ ಎರಡನೆಯವನಿಗೆ ಬೇಕಾದುದು ಏನು? ಪದರಗಳು ಬೇರೆಬೇರೆಯಾಗಿರುವ, ದೊಡ್ಡ ಅಳತೆಯ, ತಿದ್ದಲು ಬರುವ ಮೂಲ ಫೈಲು. ಅದನ್ನು ನಾವು ಪ್ಯಾಕಿನಲ್ಲಿ ಇಡದಿದ್ದರೆ ಅವನಿಗೆ ಸಿಗುವುದು ಕಳಪೆ ಪ್ರತಿ. ಇಲ್ಲಿ ಗ್ರಾಫಿಕ್ಸ್ ಕಾರ್ಡಿನ ಟೆಕ್ಸ್ಚರ್ ಸಂಕೋಚನ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ನಾಲ್ಕು ಅಡ್ಡ, ನಾಲ್ಕು ಉದ್ದದ ಹದಿನಾರು ಪಿಕ್ಸೆಲ್‌ಗಳ ಚೌಕ ಮೂಲದಲ್ಲಿ 64 ಬೈಟು ಹಿಡಿಯುತ್ತದೆ. ಬಿಸಿ1 ಎಂಬ ಸಂಕೋಚನ ರೂಪದಲ್ಲಿ ಅದೇ ಚೌಕ 8 ಬೈಟುಗಳಿಗೆ, ಬಿಸಿ7ರಲ್ಲಿ 16 ಬೈಟುಗಳಿಗೆ ಇಳಿಯುತ್ತದೆ. ಮೊಬೈಲ್‌ಗಳಲ್ಲಿ ಬಳಕೆಯಾಗುವ ಎಎಸ್‌ಟಿಸಿಯಲ್ಲಿ ಚೌಕದ ಅಳತೆಯನ್ನು ನಾವೇ ಆರಿಸಬಹುದು. ಎಂಟಕ್ಕೆ ಎಂಟರ ಚೌಕವಾದರೆ 64 ಪಿಕ್ಸೆಲ್‌ಗಳು ಕೇವಲ 16 ಬೈಟುಗಳಲ್ಲಿ ಅಡಗುತ್ತವೆ. ಬಿಟ್ಟುಹೋದ ವಿವರ ಮರಳುವುದಿಲ್ಲ. ಓಟದ ನಡುವೆ ತೆರೆಯ ಮೇಲೆ ಕಣ್ಣಿಗೆ ಗೊತ್ತಾಗದ ಈ ಸವಕಳಿ, ಅದೇ ಟೆಕ್ಸ್ಚರನ್ನು ಹೊರತೆಗೆದು ದೊಡ್ಡದು ಮಾಡಿ ನೋಡಿದಾಗ ಅಂಚುಗಳಲ್ಲಿ ಬಣ್ಣದ ಮೆಟ್ಟಿಲುಗಳಾಗಿ ಕಾಣಿಸುತ್ತದೆ. ಪಿಕ್ಸೆಲ್ ಆರ್ಟ್‌ನವರಿಗೆ ಮಾತ್ರ ಈ ಅನುಕೂಲವಿಲ್ಲ, ಅವರು ಒಂದು ಪಿಕ್ಸೆಲ್ಲೂ ಕೆಡದಂತೆಯೇ ಕಳುಹಿಸಬೇಕಾಗುತ್ತದೆ.

ಬಿಲ್ಡ್ ಆದ ಮೇಲೆ ಅದರೊಳಗೆ ಏನು ಹೋಗಿದೆ ಎಂದು ತಮ್ಮ ಕೈಯಾರೆ ಬಿಚ್ಚಿ ನೋಡುವ ಅಭ್ಯಾಸವನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಎಪಿಕೆ ಎಂಬುದು ಮೂಲತಃ ಜಿಪ್ ಫೈಲು. ವಿಸ್ತರಣೆ ಬದಲಿಸಿದರೆ ಸಾಮಾನ್ಯ ಸಾಧನದಲ್ಲೇ ತೆರೆಯುತ್ತದೆ. ಯೂನಿಟಿಯಲ್ಲಿ ರಿಸೋರ್ಸಸ್ ಎಂಬ ಹೆಸರಿನ ಫೋಲ್ಡರಿನಲ್ಲಿರುವುದೆಲ್ಲ, ಯಾವ ದೃಶ್ಯದಲ್ಲಿ ಬಳಸಲಿ ಬಿಡಲಿ, ಬಿಲ್ಡಿನೊಳಗೆ ಹೋಗುತ್ತದೆ. ಸ್ಟ್ರೀಮಿಂಗ್ ಅಸೆಟ್ಸ್ ಫೋಲ್ಡರಿನದು ಇನ್ನೂ ಒಂದು ಹೆಜ್ಜೆ ಮುಂದೆ: ಅಲ್ಲಿಟ್ಟ ಫೈಲನ್ನು ಎಂಜಿನ್ ಯಾವ ಬದಲಾವಣೆಯನ್ನೂ ಮಾಡದೆ ನಕಲಿಸಿಬಿಡುತ್ತದೆ. ಯಾರೋ ಅವಸರದಲ್ಲಿ ಅಲ್ಲಿಟ್ಟು ಮರೆತ ಫೋಟೊಶಾಪ್ ಫೈಲು ತನ್ನೆಲ್ಲ ಪದರಗಳೊಡನೆ, ಪದರಗಳ ಹೆಸರುಗಳೊಡನೆ, ಕೈಬಿಟ್ಟ ವೇಷಗಳ ಕರಡುಗಳೊಡನೆ ಪ್ರತಿಯೊಬ್ಬ ಆಟಗಾರನ ಯಂತ್ರಕ್ಕೂ ತಲುಪುತ್ತದೆ. ಯಾವ ಎನ್‌ಕ್ರಿಪ್ಶನ್‌ಗಿಂತಲೂ ಮೊದಲು ಮಾಡಬೇಕಾದ ಕೆಲಸ ಇದು: ಬಿಲ್ಡ್ ಫೋಲ್ಡರಿನಲ್ಲಿರುವ ಫೈಲುಗಳನ್ನು ಗಾತ್ರದ ಕ್ರಮದಲ್ಲಿ ಜೋಡಿಸಿ ಮೇಲಿನಿಂದ ಓದುತ್ತಾ ಬರುವುದು. ಇರಬಾರದ ಫೈಲು ಸಾಮಾನ್ಯವಾಗಿ ಮೊದಲ ಹತ್ತರಲ್ಲೇ ಸಿಕ್ಕಿಬೀಳುತ್ತದೆ.

ಮೂಲ ಫೈಲುಗಳ ಕಾವಲು ಇದಕ್ಕಿಂತ ದೊಡ್ಡ ವಿಷಯ. ಈಚಿನ ವರ್ಷಗಳಲ್ಲಿ ಗೇಮ್ ಜಗತ್ತನ್ನು ಅಲುಗಾಡಿಸಿದ ಕಳವುಗಳು ಆಟಗಾರರ ಕೈಯಲ್ಲಿದ್ದ ಪ್ಯಾಕಿನಿಂದ ಆದವಲ್ಲ, ಸಂಸ್ಥೆಗಳ ಒಳಗಿನಿಂದ ಆದವು. 2022ರ ಸೆಪ್ಟೆಂಬರಿನಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ಒಳಜಾಲಕ್ಕೆ ನುಗ್ಗಿದವರು, ಇನ್ನೂ ತಯಾರಿಕೆಯ ಹಂತದಲ್ಲಿದ್ದ ಮುಂದಿನ ಗ್ರ್ಯಾಂಡ್ ಥೆಫ್ಟ್ ಆಟೊದ ಸುಮಾರು 90 ವಿಡಿಯೊ ತುಣುಕುಗಳನ್ನು ಹೊರಹಾಕಿದರು. 2023ರ ಡಿಸೆಂಬರಿನಲ್ಲಿ ಇನ್‌ಸಾಮ್ನಿಯಾಕ್ ಸಂಸ್ಥೆಯಿಂದ ಕದ್ದ 13 ಲಕ್ಷಕ್ಕೂ ಹೆಚ್ಚು ಫೈಲುಗಳು, ಒಟ್ಟು 1.67 ಟೆರಾಬೈಟು, ಕೇಳಿದ ಹಣ ಸಿಗಲಿಲ್ಲವೆಂಬ ಕಾರಣಕ್ಕೆ ಬಯಲಿಗೆ ಬಂದವು. ಕಾವಲಿಗೆಂದೇ ಸಿಬ್ಬಂದಿ ಇರುವ ಸಂಸ್ಥೆಗಳ ಪಾಡೇ ಹೀಗಾದರೆ, ಹಂಚಿಕೊಂಡ ಡ್ರೈವ್ ಒಂದರ ಮೇಲೆ ನಡೆಯುವ ಸಣ್ಣ ತಂಡ ಎಷ್ಟರಮಟ್ಟಿಗೆ ತೆರೆದುಕೊಂಡಿರುತ್ತದೆ ಎಂದು ಊಹಿಸಬಹುದು.

ಸಣ್ಣ ತಂಡದಲ್ಲಿ ನುಗ್ಗುವ ಕಷ್ಟವನ್ನೂ ಯಾರೂ ಪಡಬೇಕಾಗಿಲ್ಲ. ಲಿಂಕ್ ಇದ್ದವರೆಲ್ಲ ನೋಡಬಹುದು ಎಂದು ಬಿಟ್ಟ ಫೋಲ್ಡರ್, ಆ ಲಿಂಕನ್ನು ಸಾವಿರ ಜನರಿರುವ ಚಾಟ್ ಗುಂಪಿನಲ್ಲಿ ಅಂಟಿಸಿದ ಒಬ್ಬ ಉತ್ಸಾಹಿ, ಕೆಲಸ ಮುಗಿಸಿ ಹೋದ ಮೇಲೂ ತೆರೆದೇ ಇರುವ ಗುತ್ತಿಗೆ ಕಲಾವಿದರ ಖಾತೆ, ಎಲ್ಲರೂ ಬಳಸುವ ಒಂದೇ ಪಾಸ್‌ವರ್ಡ್, ಇಷ್ಟೇ ಸಾಕು. ಫೈಲುಗಳ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಬಳಸುವವರು ನೆನಪಿಡಬೇಕಾದ ಸಂಗತಿಯೊಂದಿದೆ: ಒಮ್ಮೆ ಸೇರಿಸಿದ ಫೈಲನ್ನು ಆಮೇಲೆ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿದೇ ಇರುತ್ತದೆ, ಆದ್ದರಿಂದ ಕೋಡನ್ನು ಮುಕ್ತವಾಗಿ ಹಂಚಲೆಂದು ರೆಪೊಸಿಟರಿಯನ್ನು (ಗಿಟ್‌ನ ಫೈಲು ಭಂಡಾರ) ಸಾರ್ವಜನಿಕಗೊಳಿಸಿದ ದಿನ ಹಳೆಯ ಚಿತ್ರಗಳೂ, ಎನ್‌ಕ್ರಿಪ್ಶನ್ ಕೀಲಿಯೂ ಜೊತೆಯಲ್ಲೇ ಹೊರಗೆ ಬರುತ್ತವೆ. ಚಿತ್ರಗಳಿಗೆ ಬೇರೆಯದೇ ರೆಪೊಸಿಟರಿ ಇರಲಿ. ಪಾತ್ರದ ಅನಿಮೇಶನ್ ಮಾಡುವವರಿಗೆ ಆ ಪಾತ್ರದ ಫೋಲ್ಡರ್ ಸಾಕು, ಇಡೀ ಗೇಮ್‌ನ ಹಿನ್ನೆಲೆಗಳು ಬೇಕಾಗುವುದಿಲ್ಲ. ಎರಡು ಹಂತದ ಲಾಗಿನ್ ಬಗ್ಗೆ ಹೇಳಿ ಹೇಳಿ ಎಲ್ಲರಿಗೂ ಬೇಸರ ಬಂದಿದೆ, ಆದರೂ ಅದನ್ನು ಹಾಕಿಕೊಳ್ಳದ ಖಾತೆ ಪ್ರತಿ ತಂಡದಲ್ಲೂ ಒಂದಾದರೂ ಇರುತ್ತದೆ, ಹೆಚ್ಚಾಗಿ ಅದು ತಂಡದ ಮುಖ್ಯಸ್ಥರದು.

ಕಳವಾದ ಮೇಲೆ ಏನು ಎಂಬ ಪ್ರಶ್ನೆಗೆ ಸಿದ್ಧತೆ ಕಳವಿಗೆ ಮುಂಚೆಯೇ ಆಗಿರಬೇಕು. 1886ರ ಬರ್ನ್ ಒಪ್ಪಂದವನ್ನು ಒಪ್ಪಿದ ದೇಶಗಳಲ್ಲಿ, ಎಂದರೆ ಬಹುತೇಕ ಎಲ್ಲ ದೇಶಗಳಲ್ಲಿ, ಚಿತ್ರ ಬರೆದ ಕ್ಷಣವೇ ಕೃತಿಸ್ವಾಮ್ಯ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಅಮೆರಿಕದ ಕೃತಿಯಾದರೆ ಅಲ್ಲಿನ ನ್ಯಾಯಾಲಯಕ್ಕೆ ಹೋಗುವ ಮುನ್ನ ಮಾತ್ರ ನೋಂದಾಯಿಸಿಕೊಳ್ಳಬೇಕಾಗುತ್ತದೆ. ಆದರೆ ಆ ಹಕ್ಕು ಹುಟ್ಟುವುದು ಯಾರ ಹೆಸರಿನಲ್ಲಿ? ಸಂಬಳದ ನೌಕರರಲ್ಲದ ಕಲಾವಿದರಿಂದ ಬರೆಸಿದ ಚಿತ್ರದ ಹಕ್ಕು, ಲಿಖಿತ ವರ್ಗಾವಣೆ ಇಲ್ಲದಿದ್ದರೆ, ಅನೇಕ ದೇಶಗಳಲ್ಲಿ ಅವರ ಬಳಿಯೇ ಉಳಿಯುತ್ತದೆ. ಹಣ ಕೊಟ್ಟಿದ್ದೇವೆ ಎಂಬುದಷ್ಟೇ ಸಾಲದು. ನಮ್ಮ ಚಿತ್ರ ಕದ್ದವನ ಮೇಲೆ ದೂರು ಕೊಡಲು ಹೋದಾಗ, ಆ ಚಿತ್ರ ಕಾನೂನಿನ ಪ್ರಕಾರ ನಮ್ಮದೇ ಅಲ್ಲವೆಂದು ಗೊತ್ತಾಗುವುದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ. ಹಾಗೆಯೇ ಕಾನೂನು ಕಾಯುವುದು ಬರೆದ ಚಿತ್ರವನ್ನೇ ಹೊರತು ಶೈಲಿಯನ್ನಲ್ಲ. ನಮ್ಮಂತೆಯೇ ದುಂಡು ಕಣ್ಣಿನ ಪಾತ್ರಗಳನ್ನು ಇನ್ನೊಬ್ಬರು ತಾವೇ ಬರೆದರೆ ಅದು ಕಳವಾಗುವುದಿಲ್ಲ.

ಸಾಕ್ಷ್ಯಗಳಲ್ಲಿ ಅತ್ಯಂತ ಬಲವಾದುದು ಪದರಗಳಿರುವ ಮೂಲ ಫೈಲು ಮತ್ತು ಅದಕ್ಕೆ ಮೊದಲಿನ ಕರಡುಗಳು. ಹೊರತೆಗೆದ ಟೆಕ್ಸ್ಚರಿನಿಂದ ಹಿಂದಕ್ಕೆ ನಡೆದು ಪೆನ್ಸಿಲ್ ಕರಡನ್ನು ಸೃಷ್ಟಿಸುವುದು ಕಳ್ಳನಿಗೆ ಬಲು ಕಷ್ಟ. ಫೈಲುಗಳ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂತಹ ಸಂಖ್ಯೆ) ತೆಗೆದು, ದಿನಾಂಕ ಬದಲಿಸಲಾಗದ ಕಡೆ ದಾಖಲಿಸಿಡುವುದು ಒಳ್ಳೆಯದೇ, ಆದರೆ ಒಂದು ಪಿಕ್ಸೆಲ್ ಬದಲಾದರೂ ಹ್ಯಾಶ್ ಬೇರೆಯಾಗುವುದರಿಂದ ನಕಲನ್ನು ಹುಡುಕಲು ಅದು ಬಾರದು. ನಮ್ಮ ಬಳಿ ಇಂಥ ದಿನ ಈ ಫೈಲು ಇತ್ತು ಎಂದು ತೋರಿಸಲು ಮಾತ್ರ ಬರುತ್ತದೆ. ಚಿತ್ರದ ಮೆಟಾಡೇಟಾದಲ್ಲಿ ಹೆಸರು ಬರೆಯುವುದರಿಂದ ಪ್ರಚಾರದ ಚಿತ್ರಗಳಿಗೆ ಸ್ವಲ್ಪ ಉಪಯೋಗವಿದ್ದರೂ, ಎಂಜಿನ್ ಟೆಕ್ಸ್ಚರಾಗಿ ಮಾರ್ಪಡಿಸಿದಾಗ ಅದು ಉಳಿಯುವುದಿಲ್ಲ.

ಗುಪ್ತ ಗುರುತುಗಳ ಬಗ್ಗೆ ನನಗೆ ವಿಶೇಷ ಒಲವಿದೆ. ಪಿಕ್ಸೆಲ್‌ಗಳ ಕೊನೆಯ ಬಿಟ್‌ನಲ್ಲಿ ಹೆಸರು ಅಡಗಿಸುವ ತಂತ್ರ ಹಳೆಯದು, ಆದರೆ ಟೆಕ್ಸ್ಚರ್ ಸಂಕೋಚನಕ್ಕೆ ಸಿಕ್ಕ ಕೂಡಲೇ ಅದು ಅಳಿದುಹೋಗುತ್ತದೆ. ಪಿಎನ್‌ಜಿಯಲ್ಲಿ ಪೂರ್ಣ ಪಾರದರ್ಶಕವಾದ ಪಿಕ್ಸೆಲ್ ಕೂಡ ತನ್ನ ಬಣ್ಣದ ಬೆಲೆಗಳನ್ನು ಉಳಿಸಿಕೊಂಡಿರುತ್ತದೆ. ಸ್ಪ್ರೈಟ್ ಶೀಟಿನ ಖಾಲಿ ಜಾಗದಲ್ಲಿ ತಂಡದ ಹೆಸರನ್ನು ಬರೆದು ಆಲ್ಫಾವನ್ನು (ಪಾರದರ್ಶಕತೆ ಹೇಳುವ ಬೆಲೆ) ಸೊನ್ನೆ ಮಾಡಿದರೆ ನೋಡುವವರಿಗೆ ಏನೂ ಕಾಣದು, ಆಲ್ಫಾ ಪದರವನ್ನು ತೆಗೆದುಹಾಕಿದಾಗ ಹೆಸರು ಎದ್ದು ನಿಲ್ಲುತ್ತದೆ. ಇದು ಚೆಂದದ ಉಪಾಯವಾದರೂ, ಬಣ್ಣವನ್ನು ಮೊದಲೇ ಆಲ್ಫಾದಿಂದ ಗುಣಿಸಿಡುವ ಗೇಮ್‌ಗಳಲ್ಲಿ ಸೊನ್ನೆಯಿಂದ ಗುಣಿಸಿದ ಹೆಸರು ಸೊನ್ನೆಯೇ ಆಗುತ್ತದೆ. ಎಲ್ಲಕ್ಕಿಂತ ಹೆಚ್ಚು ಬಾಳುವುದು ಕಲಾವಿದರೇ ಬರೆಯುವ ಗುರುತು: ಇಟ್ಟಿಗೆ ಗೋಡೆಯ ಟೈಲಿನಲ್ಲಿ ಒಂದು ಇಟ್ಟಿಗೆಯನ್ನು ಕ್ರಮ ತಪ್ಪಿಸಿ ಇಡುವುದು, ಕವಚದ ಒಂದು ಬದಿಯಲ್ಲಿ ಐದು ಗುಬಟು, ಇನ್ನೊಂದು ಬದಿಯಲ್ಲಿ ನಾಲ್ಕು. ನಕಾಶೆ ತಯಾರಕರು ಇಲ್ಲದ ಬೀದಿಯೊಂದನ್ನು ಬರೆದು ನಕಲು ಹಿಡಿಯುತ್ತಿದ್ದ ಉಪಾಯವೇ ಇದು. ಬಣ್ಣ ಬದಲಿಸಿದರೂ, ತಿರುಗಿಸಿದರೂ, ಕುಗ್ಗಿಸಿದರೂ ಕ್ರಮ ತಪ್ಪಿದ ಇಟ್ಟಿಗೆ ಅಲ್ಲೇ ಇರುತ್ತದೆ. ಯಾವ ಶೀಟಿನಲ್ಲಿ ಯಾವ ಗುರುತು ಎಂಬ ಪಟ್ಟಿಯನ್ನು ಮಾತ್ರ ಗುರುತು ಹಾಕಿದ ದಿನವೇ ಬರೆದಿಡಬೇಕು.

ದೂರಿನ ದಾರಿ ಬಹುಮಟ್ಟಿಗೆ ಅಮೆರಿಕದ 1998ರ ಡಿಎಂಸಿಎ ಎಂಬ ಡಿಜಿಟಲ್ ಕೃತಿಸ್ವಾಮ್ಯ ಕಾನೂನಿನ ನಮೂನೆಯಲ್ಲೇ ಇದೆ, ಏಕೆಂದರೆ ದೊಡ್ಡ ಆ್ಯಪ್ ಅಂಗಡಿಗಳು, ಅಸೆಟ್ ಅಂಗಡಿಗಳು ಅದನ್ನೇ ಅನುಸರಿಸುತ್ತವೆ. ಮೂಲ ಕೃತಿ ಯಾವುದು, ನಕಲು ಇರುವ ನಿಖರ ವಿಳಾಸ ಯಾವುದು, ದೂರು ಕೊಡುವವರ ಸಂಪರ್ಕ, ಬಳಕೆಗೆ ಅನುಮತಿ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿರುವ ಹೇಳಿಕೆ, ಹಕ್ಕುದಾರರ ಪರವಾಗಿ ಬರೆಯುವ ಅಧಿಕಾರವಿದೆಯೆಂಬ ಮಾತು, ಸಹಿ, ಇಷ್ಟು ಅದರಲ್ಲಿರಬೇಕು. ಕೋಪದ ಮಾತುಗಳು ಬೇಡ. ಮೂಲವನ್ನೂ ನಕಲನ್ನೂ ಒಂದರ ಪಕ್ಕ ಒಂದು ಇಟ್ಟು, ತಪ್ಪಿದ ಇಟ್ಟಿಗೆಗೆ ವೃತ್ತ ಹಾಕಿದ ಒಂದೇ ಚಿತ್ರ ಪುಟಗಟ್ಟಲೆ ವಾದಕ್ಕಿಂತ ಬೇಗ ಕೆಲಸ ಮಾಡುತ್ತದೆ. ಎದುರಿನವನು ಪ್ರತಿ ಹೇಳಿಕೆ ಸಲ್ಲಿಸಿದರೆ, ನಾವು ನ್ಯಾಯಾಲಯಕ್ಕೆ ಹೋಗಿದ್ದೇವೆಂದು ತಿಳಿಸದಿದ್ದಲ್ಲಿ, 10ರಿಂದ 14 ಕೆಲಸದ ದಿನಗಳಲ್ಲಿ ಅಂಗಡಿ ಆ ನಕಲನ್ನು ಮತ್ತೆ ತೆರೆಯಬಹುದು. ಅಂಥ ನಕಲಿಗಾಗಿ ವಕೀಲರ ಬಳಿಗೆ ಹೋಗುವುದು ತರವೇ ಎಂಬ ಲೆಕ್ಕ ಆ ಗಡುವಿನೊಳಗೆ ಮುಗಿಯಬೇಕಾದ್ದರಿಂದ, ಹಕ್ಕು ವರ್ಗಾವಣೆಯ ಪತ್ರ, ಕರಡುಗಳು ಮತ್ತು ಗುರುತುಗಳ ಪಟ್ಟಿಯನ್ನು ಗೇಮ್ ಬಿಡುಗಡೆಯಾಗುವ ವಾರದಲ್ಲೇ ಒಂದು ಫೋಲ್ಡರಿಗೆ ಸೇರಿಸಿ ಇಡುವುದನ್ನು ನಾನು ಪ್ಯಾಕಿಂಗ್ ಕೆಲಸದ ಭಾಗವೆಂದೇ ಎಣಿಸುತ್ತೇನೆ.